‘ಶಾಲೆಗಳನ್ನು ಉಳಿಸಿದ ರ‍್ಯಾಪರ್’: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಮನೆಯವರನ್ನು ಕೇಳಿಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ಮಧ್ಯೆ ಬಂದ ಮದುವೆ ಛತ್ರದ ವಿಚಾರ, ಹಬ್ಬದ ಫೋಟೊಗಳನ್ನು ತೆಗೆದಿದ್ದೇನೆ. ದೊಡ್ಡಪ್ಪ ಸಾಗರದ ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಅಶ್ವಿನಿ ಅಕ್ಕ ಅವರ ಮಗಳು, ಬೆಂಗಳೂರಿನಲ್ಲಿದ್ದಾಳೆ. ಚಿಕ್ಕಪ್ಪ ದಾವಣಗೆರೆಯಲ್ಲಿ ಆಡಿಟರ್. ವಿನು ಅತ್ತೆಯ ಮಗ, ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾನೆ. ನಾನಿರುವುದು ಶಿಕಾಗೋದಲ್ಲಿ. ಚಾನ್ಸ್ ದ ರ‍್ಯಾಪರ್ ಅನ್ನುವುದು ಇಲ್ಲಿಯ ಒಬ್ಬ ಹಾಡುಗಾರನ ಹೆಸರು.

ವಿನು: (ಫಾರ್ವರ್ಡ್, ಚೆಕ್ ಹಿಡಿದು ನಿಂತ ಫೋಟೊ ಜೊತೆ) “ಸರ್ಕಾರ ಕೈಬಿಟ್ಟಿತು, ರ‍್ಯಾಪರ್ ಕೈಹಿಡಿದ! ಶಿಕಾಗೋ ಶಾಲೆಗಳನ್ನು ಉಳಿಸಿದ ಚಾನ್ಸ್ ದ ರ‍್ಯಾಪರ್. 10 ಲಕ್ಷ ಡಾಲರ್ ದಾನ. ಟಿವಿಯವರು ಇದನ್ನು ತೋರಿಸಲ್ಲ, ನೀವು ಶೇರ್ ಮಾಡಿ 🙏”

ವಿನು: ಎಲ್ಲರೂ ನೋಡಿ. ರ‍್ಯಾಪ್ ಅಂದರೆ ಬರೀ ಕುಡಿತ, ಕಾರು, ಬೈಗುಳ ಅಂತ ಹೇಳುತ್ತೀರಲ್ಲ.

ಚಿಕ್ಕಪ್ಪ: 10 ಲಕ್ಷ ಡಾಲರ್ ದೊಡ್ಡ ಮೊತ್ತವೇ ವಿನು. ಆದರೆ ಅಷ್ಟರಲ್ಲಿ ಒಂದು ಮಹಾನಗರದ ಶಾಲೆಗಳನ್ನು ‘ಉಳಿಸಲು’ ಆಗುತ್ತದಾ? ಅಲ್ಲಿಯ ಶಾಲೆಗಳ ವರ್ಷದ ಬಜೆಟ್ ಎಷ್ಟು ಅಂತ ಬರೆದವರು ನೋಡಿದ್ದಾರಾ?

ಅತ್ತೆ: ಕೊಡುವವನು ಕೊಟ್ಟರೆ ಅದಕ್ಕೂ ಲೆಕ್ಕ ಕೇಳುತ್ತೀಯಲ್ಲೋ.

ಚಿಕ್ಕಪ್ಪ: ಅಕ್ಕ, ಕೊಟ್ಟಿದ್ದು ತಪ್ಪು ಅಂತ ನಾನೆಲ್ಲಿ ಹೇಳಿದೆ? ಬರೆದಿದ್ದು ಸರಿ ಇಲ್ಲ ಅಂತ ಹೇಳುತ್ತಿದ್ದೇನೆ. ಸ್ಮಿತಾ, ನೀನು ಅಲ್ಲೇ ಇದ್ದೀಯಲ್ಲ, ನಿಜ ಏನು?

ನಾನು: ಫೋಟೊ ನಿಜ ಚಿಕ್ಕಪ್ಪ. 2017ರ ಮಾರ್ಚ್ 6ರಂದು ವೆಸ್ಟ್‌ಕಾಟ್ ಅನ್ನುವ ಪ್ರಾಥಮಿಕ ಶಾಲೆಯಲ್ಲಿ ನಡೆದಿದ್ದು. ನಗರದ ದಕ್ಷಿಣ ಭಾಗ ಅದು, ಚಾನ್ಸ್ ಬೆಳೆದಿದ್ದೂ ಆ ಕಡೆಯೇ. ಆಗ ಅವನಿಗೆ 23 ವರ್ಷ. ಮೂರು ವಾರದ ಹಿಂದಷ್ಟೇ ಮೂರು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದಿತ್ತು.

ನಾನು: ಹಿನ್ನೆಲೆ ಏನು ಅಂದರೆ, ಹಿಂದಿನ ಡಿಸೆಂಬರ್‌ನಲ್ಲಿ ಇಲಿನಾಯ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಬ್ರೂಸ್ ರೌನರ್ ಶಿಕಾಗೋ ಶಾಲೆಗಳಿಗೆ ಬರಬೇಕಿದ್ದ 21.5 ಕೋಟಿ ಡಾಲರ್‌ಗೆ ತಡೆ ಹಾಕಿದ್ದರು. ಹಣ ಬರದಿದ್ದರೆ ಜೂನ್ 1ಕ್ಕೇ ಶಾಲೆ ಮುಗಿಸಬೇಕಾಗುತ್ತದೆ ಅಂತ ಶಾಲಾ ಇಲಾಖೆ ಹೇಳುತ್ತಿತ್ತು. ಸುಮಾರು ಮೂರು ವಾರದ ಪಾಠ ಹೋಗುತ್ತಿತ್ತು. ಚಾನ್ಸ್ ಮಾರ್ಚ್ 3ಕ್ಕೆ ಗವರ್ನರ್ ಜೊತೆ ಕೂತು ಮಾತಾಡಿದ. ಸರಿಯಾದ ಉತ್ತರ ಸಿಗಲಿಲ್ಲ. ಮೂರು ದಿನ ಬಿಟ್ಟು ಈ ಚೆಕ್.

ಚಿಕ್ಕಪ್ಪ: ಅಲ್ಲಿಗೆ ಕೊರತೆಯ 215ರಲ್ಲಿ ಒಂದು ಭಾಗ ಆಯಿತು. ಒಟ್ಟು ಬಜೆಟ್?

ನಾನು: 500 ಕೋಟಿ ಡಾಲರ್‌ಗೂ ಜಾಸ್ತಿ. ಮಕ್ಕಳು ಆಗ ಸುಮಾರು 3 ಲಕ್ಷ 80 ಸಾವಿರ.

ಚಿಕ್ಕಪ್ಪ: ತಲೆಗೆ ಮೂರು ಡಾಲರ್ ಕೂಡ ಬರಲಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ವಿನು: ಚಿಕ್ಕ ಮಾವ, ಅವನ ಹತ್ತಿರ ಸರ್ಕಾರದ ಖಜಾನೆ ಇಲ್ಲ. ಹಾಡು ಮಾಡಿ ದುಡಿದಿದ್ದನ್ನು ಕೊಟ್ಟಿದ್ದಾನೆ. ಅವನಷ್ಟು ದುಡಿಯುವ ಎಷ್ಟು ಜನ ಕೊಡುತ್ತಾರೆ?

ಅಶ್ವಿನಿ ಅಕ್ಕ: ನನಗೆ ಕಷ್ಟ ಆಗುವುದು ಮೊತ್ತದ ವಿಷಯದಲ್ಲಿ ಅಲ್ಲ. ಇಂಥ ದಾನ ಸರ್ಕಾರಕ್ಕೆ ನೆಪ ಆಗುತ್ತದೆ. ನಾವು ಆಫೀಸಿನವರು ಹೋದ ವರ್ಷ ಒಂದು ಸರ್ಕಾರಿ ಶಾಲೆಗೆ ಹೋಗಿ ಗೋಡೆಗೆ ಬಣ್ಣ ಹಚ್ಚಿ ಬಂದೆವು. ಫೋಟೊ ಚೆನ್ನಾಗಿ ಬಂತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಲೈನ್ ಇರಲಿಲ್ಲ. ಅದನ್ನು ಯಾರ ಹತ್ತಿರ ಕೇಳಬೇಕು ಅಂದರೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಚೆಕ್ ಹಿಡಿದು ನಿಂತ ಫೋಟೊ ನೋಡಿದರೆ ನನಗೆ ಅದೇ ನೆನಪಾಗುತ್ತದೆ.

ದೊಡ್ಡಪ್ಪ: ಶಾಲೆ ಮುಚ್ಚುವ ಮಾತು ಅಲ್ಲೂ ಇದೆಯೇ? ಅಮೆರಿಕದಲ್ಲಿ?

ನಾನು: ಇದೆ ದೊಡ್ಡಪ್ಪ. 2013ರ ಮೇ ತಿಂಗಳಲ್ಲಿ ಒಂದೇ ಸಭೆಯಲ್ಲಿ ಸುಮಾರು 50 ಶಾಲೆ ಮುಚ್ಚಲು ತೀರ್ಮಾನ ಮಾಡಿದರು. ಆಗ ಮೇಯರ್ ರಾಮ್ ಇಮ್ಯಾನುಯೆಲ್. ಮಕ್ಕಳು ಕಡಿಮೆಯಾಗಿದ್ದಾರೆ, ಕಟ್ಟಡ ಖಾಲಿ ಬಿದ್ದಿದೆ ಅನ್ನುವುದು ಕಾರಣ. ಮುಚ್ಚಿದ ಶಾಲೆಗಳಲ್ಲಿ ಓದುತ್ತಿದ್ದವರು ಹೆಚ್ಚಿನವರು ಕಪ್ಪು ಜನರ ಮಕ್ಕಳು.

ದೊಡ್ಡಪ್ಪ: ಅದೇ ಮಾತು. ಹಾಜರಾತಿ ಕಡಿಮೆ, ಪಕ್ಕದೂರಿನ ಶಾಲೆಗೆ ಸೇರಿಸಿ. ಕಾಗದದ ಮೇಲೆ ಎರಡು ಮೈಲಿ ಅಂತ ಬರೆಯುತ್ತಾರೆ. ಜೂನ್ ಮುಗಿಯುವ ಹೊತ್ತಿಗೆ ನಮ್ಮ ಕಡೆ ಹಳ್ಳ ತುಂಬಿ ಹರಿಯುತ್ತದೆ, ಸಂಕದ ಮೇಲೆ ಕೈ ಹಿಡಿದು ದಾಟಿಸಬೇಕು. ಮೂರನೇ ಕ್ಲಾಸಿನ ಹುಡುಗಿಯನ್ನು ಯಾರು ದಿನಾ ದಾಟಿಸುತ್ತಾರೆ? ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಮೇಲಿನ ಕಚೇರಿಗೆ ನಾನು ಇದನ್ನು ಎಷ್ಟು ಸಲ ಬರೆದೆನೋ.

ನಾನು: ದೊಡ್ಡಪ್ಪ, ಇಲ್ಲಿ ಹಳ್ಳದ ಬದಲು ಗ್ಯಾಂಗ್‌ಗಳ ಗಡಿ. ಒಂದು ಬೀದಿಯ ಹುಡುಗ ಇನ್ನೊಂದು ಬೀದಿ ದಾಟಿದರೆ ಜೀವಕ್ಕೇ ಅಪಾಯ. ಅದಕ್ಕೆ ‘ಸೇಫ್ ಪ್ಯಾಸೇಜ್’ ಅಂತ ಒಂದು ವ್ಯವಸ್ಥೆ ಇದೆ. ಹೊಳೆಯುವ ಜಾಕೆಟ್ ಹಾಕಿಕೊಂಡು ಅದೇ ಬಡಾವಣೆಯ ಅಮ್ಮಂದಿರು, ಅಜ್ಜಂದಿರು ಮೂಲೆ ಮೂಲೆಯಲ್ಲಿ ನಿಂತಿರುತ್ತಾರೆ. ಶಾಲೆಗಳನ್ನು ಮುಚ್ಚಿದ ವರ್ಷ ಅಂಥವರನ್ನು ನೂರಾರು ಸಂಖ್ಯೆಯಲ್ಲಿ ಹೆಚ್ಚಿಗೆ ನೇಮಿಸಬೇಕಾಯಿತು. ಜನವರಿಯ ಚಳಿಯಲ್ಲೂ ನಿಂತಿರುತ್ತಾರೆ. ಬಸ್ಸಿನಿಂದ ನೋಡುವಾಗ ನಮ್ಮ ಕೈಬೆರಳೇ ಮರಗಟ್ಟಿದ ಹಾಗಾಗುತ್ತದೆ. ಅವರು ಹಾದುಹೋಗುವ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಾರೆ.

ಅತ್ತೆ: ಪುಣ್ಯಾತ್ಮರು.

ಚಿಕ್ಕಪ್ಪ: ಇವರ ಬಗ್ಗೆ ಫಾರ್ವರ್ಡ್ ಬರುವುದಿಲ್ಲ ನೋಡಿ.

ನಾನು: ಹೌದು. ನನಗೂ ಆ ಫಾರ್ವರ್ಡ್ ಮೇಲೆ ಇರುವ ಸಿಟ್ಟು ಅದೇ. ವಿನು ಮೇಲೆ ಅಲ್ಲ.

ನಾನು: ಆದರೆ ಅಶ್ವಿನಿ ಅಕ್ಕ, ನೀನು ಹೇಳಿದ ‘ನೆಪ’ದ ಮಾತು ಚಾನ್ಸ್ ವಿಷಯಕ್ಕೆ ಪೂರ್ತಿ ಹೊಂದಲ್ಲ. ಅವನು ಮೊದಲು ಹೋಗಿದ್ದು ಗವರ್ನರ್ ಹತ್ತಿರ. ಇದು ನಿಮ್ಮ ಕೆಲಸ, ನೀವು ಮಾಡಿ ಅಂತ ಕೇಳಿದ. ಚೆಕ್ ಕೊಟ್ಟ ದಿನವೂ ಗವರ್ನರ್ ಹೆಸರು ಹಿಡಿದೇ ಮಾತಾಡಿದ. ಅವನು ಕೊಟ್ಟ ಮೇಲೆ ಸರ್ಕಾರ ಸುಮ್ಮನೆ ಕೂರಲು ಆಗಲಿಲ್ಲ, ದೇಶದ ಪತ್ರಿಕೆಗಳೆಲ್ಲ 21.5 ಕೋಟಿಯ ವಿಷಯ ಬರೆದವು. ಅದಕ್ಕೂ ಮೊದಲು ಆ ಅಂಕಿಯ ಬಗ್ಗೆ ಹೊರಗಿನವರಿಗೆ ಏನು ಗೊತ್ತಿತ್ತು?

ಅಶ್ವಿನಿ ಅಕ್ಕ: ಗವರ್ನರ್ ಹತ್ತಿರ ಹೋಗಿ ಕೂರಲು ಗ್ರ್ಯಾಮಿ ಬೇಕು. ಮಗುವಿನ ಅಮ್ಮ ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ನನ್ನ ತಕರಾರು ಅದು.

ನಾನು: ಅದನ್ನು ಒಪ್ಪುತ್ತೇನೆ ಅಕ್ಕ. ಅವನ ಅಪ್ಪ ಕೂಡ ಒಬಾಮ ಆಡಳಿತದಲ್ಲಿ, ಆಮೇಲೆ ಅದೇ ಮೇಯರ್ ಕಚೇರಿಯಲ್ಲಿ ಕೆಲಸ ಮಾಡಿದವರು. ಬಾಗಿಲು ಎಲ್ಲಿದೆ ಅಂತ ಆ ಮನೆಗೆ ಗೊತ್ತಿತ್ತು. ಬಾಗಿಲು ಗೊತ್ತಿಲ್ಲದವರ ಕಥೆ ಡೈಯೆಟ್ ಹೈಸ್ಕೂಲ್‌ದು. ಅದನ್ನೂ ಮುಚ್ಚಿದ್ದರು. 2015ರಲ್ಲಿ ಪೋಷಕರು, ಅಜ್ಜಿಯರು, ಬಡಾವಣೆಯವರು ಸೇರಿ 12 ಜನ ಉಪವಾಸ ಕೂತರು. ಬರೀ ನೀರು, ರಸ ಕುಡಿದುಕೊಂಡು 34 ದಿನ. ಶಾಲೆ ಮರುವರ್ಷ ಮತ್ತೆ ತೆರೆಯಿತು. ಅವರು ಕೇಳಿದ ರೀತಿಯಲ್ಲೇ ತೆರೆಯಲಿಲ್ಲ ಅನ್ನುವ ನೋವು ಅವರಿಗಿದೆ. ಆದರೂ ತೆರೆಯಿತು.

ದೊಡ್ಡಪ್ಪ: 34 ದಿನ! ಯಾರ ಹೆಸರು ಆ ಶಾಲೆಗೆ?

ನಾನು: ವಾಲ್ಟರ್ ಡೈಯೆಟ್ ಅಂತ ಒಬ್ಬ ಸಂಗೀತ ಮೇಷ್ಟ್ರು ದೊಡ್ಡಪ್ಪ. ಇದೇ ಶಿಕಾಗೋದ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವರು. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್ ಅವರ ಶಿಷ್ಯರು.

ದೊಡ್ಡಪ್ಪ: ಮೇಷ್ಟ್ರ ಹೆಸರಿನ ಶಾಲೆ. ಸಂತೋಷ ಆಯಿತು ಕೇಳಿ. ದುಡ್ಡು ಕಡಿಮೆಯಾದಾಗ ಮೊದಲು ಹೋಗುವುದೇ ಸಂಗೀತ, ಡ್ರಾಯಿಂಗು. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ಯಾರೂ ಬರಲೇ ಇಲ್ಲ.

ನಾನು: ಚಾನ್ಸ್ ಹಣ ಹೋಗಿದ್ದೂ ಅದಕ್ಕೇ ದೊಡ್ಡಪ್ಪ. ಚಿಕ್ಕಪ್ಪ, ಇದು ನಿಮಗೂ ಬೇಕಾದ ಲೆಕ್ಕ. ಚೆಕ್‌ನ ಹಣವನ್ನು 3 ಲಕ್ಷ 80 ಸಾವಿರ ಮಕ್ಕಳಿಗೆ ಹಂಚಲಿಲ್ಲ. ಬೇರೆಯವರೂ ಸೇರಿದರು, ಶಿಕಾಗೋ ಬುಲ್ಸ್ ಬಾಸ್ಕೆಟ್‌ಬಾಲ್ ತಂಡ 10 ಲಕ್ಷ ಕೊಟ್ಟಿತು. ಸೆಪ್ಟೆಂಬರ್ ಹೊತ್ತಿಗೆ 22 ಲಕ್ಷ ಆಯಿತು. ಅವನ ‘ಸೋಶಿಯಲ್‌ವರ್ಕ್ಸ್’ ಸಂಸ್ಥೆ 20 ಶಾಲೆ ಆರಿಸಿ, ಕಲೆ ಮತ್ತು ಸಾಹಿತ್ಯದ ಪಾಠಕ್ಕೆ ಅಂತ ಒಂದೊಂದಕ್ಕೆ ಒಂದು ಲಕ್ಷ ಡಾಲರ್ ಕೊಡುವುದಾಗಿ ಹೇಳಿತು.

ಚಿಕ್ಕಪ್ಪ: ಇದು ಬೇರೆ ಮಾತು. 20 ಶಾಲೆ, ಒಂದು ಕೆಲಸ. ಇದನ್ನು ಅಳೆಯಬಹುದು. ಫಾರ್ವರ್ಡ್‌ನಲ್ಲಿ ಇದನ್ನು ಬರೆದಿದ್ದರೆ ನಾನು ಬಾಯಿ ತೆಗೆಯುತ್ತಿರಲಿಲ್ಲ. ಮತ್ತೆ ಆ 21.5 ಕೋಟಿ?

ನಾನು: ಆ ವರ್ಷ ಆಗಸ್ಟ್ 31ಕ್ಕೆ ಶಾಲೆಗಳ ಅನುದಾನದ ಹೊಸ ಕಾನೂನಿಗೆ ಅದೇ ಗವರ್ನರ್ ಸಹಿ ಹಾಕಬೇಕಾಯಿತು. ಶಿಕಾಗೋಗೆ ಸುಮಾರು 45 ಕೋಟಿ ಡಾಲರ್ ಹೆಚ್ಚಿಗೆ ಸಿಗುವ ಹಾಗಾಯಿತು. ಜೂನ್ 1ಕ್ಕೆ ಶಾಲೆ ಮುಚ್ಚಲೂ ಇಲ್ಲ.

ವಿನು: ನೋಡಿ!! ಉಳಿಸಿದ ಅಂತ ನಾನು ಹೇಳಿದ್ದು ಸರಿ ಆಯಿತಲ್ಲ.

ನಾನು: ಇಲ್ಲ ವಿನು. ಅನುದಾನ ಹಂಚುವ ರೀತಿ ಸರಿ ಇಲ್ಲ, ಬಡ ಮಕ್ಕಳ ಜಿಲ್ಲೆಗೆ ಕಡಿಮೆ ಬರುತ್ತದೆ ಅಂತ ಶಿಕ್ಷಕರು, ಪೋಷಕರು, ಶಾಸಕರು ವರ್ಷಗಟ್ಟಲೆ ಬಡಿದಾಡಿದ್ದರು. ಆ ಕೀರ್ತಿಯನ್ನು ಒಬ್ಬ ಹಾಡುಗಾರನ ತಲೆಗೆ ಕಟ್ಟುವುದು ಅವರಿಗೆ ಮಾಡುವ ಅನ್ಯಾಯ. ಚಾನ್ಸ್ ಕೂಗಿ ಹೇಳಿದ, ಅವನ ದನಿ ದೂರ ಹೋಯಿತು. ಅಷ್ಟು ಹೇಳು, ಸಾಕು. ಅದೇನು ಸಣ್ಣದಲ್ಲ.

ವಿನು: ನೀವೆಲ್ಲ ಸೇರಿ ಅವನನ್ನು ಚಿಕ್ಕವನು ಮಾಡುತ್ತಿದ್ದೀರಿ ಸ್ಮಿತಕ್ಕ.

ನಾನು: ನಿಜವಾಗಿ ನನಗೆ ಅವನ ಮೇಲೆ ಗೌರವ ಬಂದಿದ್ದು ಚೆಕ್‌ನಿಂದ ಅಲ್ಲ. ಅದೇ ವರ್ಷ ನವೆಂಬರ್ 8ರಂದು ನಡೆದಿದ್ದರಿಂದ. ಅದು ನಿನ್ನ ಫಾರ್ವರ್ಡ್‌ನಲ್ಲಿ ಇಲ್ಲ. ನಗರದ ಪಶ್ಚಿಮ ಭಾಗದಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಅಂತ ತುಂಬ ಬಡ ಬಡಾವಣೆ ಇದೆ. ಅಲ್ಲಿ 9.5 ಕೋಟಿ ಡಾಲರ್ ಖರ್ಚು ಮಾಡಿ ಪೊಲೀಸ್ ತರಬೇತಿ ಕೇಂದ್ರ ಕಟ್ಟಲು ಮೇಯರ್ ಹೊರಟರು. ಶಾಲೆಗೆ ದುಡ್ಡಿಲ್ಲ ಅಂತ ಹೇಳಿದ ನಗರ ಅದು. 2012ರಲ್ಲಿ ಮಾನಸಿಕ ಆರೋಗ್ಯದ 12 ಕ್ಲಿನಿಕ್‌ಗಳಲ್ಲಿ 6 ಮುಚ್ಚಿದ ನಗರ. ಬಡಾವಣೆಯ ಹುಡುಗ ಹುಡುಗಿಯರು ‘ನೋ ಕಾಪ್ ಅಕಾಡೆಮಿ’ (ಪೊಲೀಸ್ ಅಕಾಡೆಮಿ ಬೇಡ) ಅಂತ ಚಳವಳಿ ಶುರು ಮಾಡಿದರು. ‘ಅಸಾಟಾಸ್ ಡಾಟರ್ಸ್’ ತರಹದ ಯುವಜನರ ಸಂಘಟನೆಗಳು ಅದರಲ್ಲಿದ್ದವು. ಹೈಸ್ಕೂಲ್ ಮಕ್ಕಳು ಹಾಳೆ ಪೆನ್ನು ಹಿಡಿದು ಮನೆ ಮನೆ ಬಾಗಿಲು ತಟ್ಟಿ, ಈ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಕೇಳಿ ಬರೆದುಕೊಂಡರು. ನಗರ ಸಭೆಯಲ್ಲಿ ಮತಕ್ಕೆ ಬಂದ ದಿನ ಚಾನ್ಸ್ ಹೋಗಿ, ಸಾರ್ವಜನಿಕರಿಗೆ ಕೊಡುವ ಆ ಕೆಲವೇ ನಿಮಿಷದಲ್ಲಿ, ಇದು ಬೇಡ ಅಂತ ಹೇಳಿದ. ಅವನ ಅಪ್ಪ ಕೆಲಸ ಮಾಡಿದ ಮೇಯರ್ ಎದುರಿಗೇ.

ವಿನು: ಆಮೇಲೆ? ನಿಂತಿತಾ?

ನಾನು: 48–1. ಒಬ್ಬನೇ ಒಬ್ಬ ಸದಸ್ಯ ಬೇಡ ಅಂದ, ಕಾರ್ಲೋಸ್ ರಮಿರೆಜ್ ರೋಸಾ. ಕಟ್ಟಡ 2023ರಲ್ಲಿ ತೆರೆಯಿತು.

ಅತ್ತೆ: ಅಯ್ಯೋ.

ಚಿಕ್ಕಪ್ಪ: ಸ್ಮಿತಾ, ಇಲ್ಲಿ ನಾನು ಸುಮ್ಮನಿರಲ್ಲ. ಪೊಲೀಸರಿಗೆ ಸರಿಯಾದ ತರಬೇತಿ ಇಲ್ಲದೆಯೇ ಅಲ್ಲಿ ಅಷ್ಟು ಜನ ಗುಂಡಿಗೆ ಬಲಿಯಾಗಿದ್ದಲ್ಲವಾ? ತರಬೇತಿಗೆ ಅಂತ ಕಟ್ಟಿದರೆ ಅದೂ ತಪ್ಪಾ? ಹಾಡುಗಾರರು ಭಾವನೆಯ ಮೇಲೆ ಮಾತಾಡುತ್ತಾರೆ. ಆಡಳಿತ ನಡೆಸುವವರು ಹಾಗೆ ಮಾಡಲು ಆಗುವುದಿಲ್ಲ.

ನಾನು: ನಿಮ್ಮ ಮಾತಿಗೆ ಆಧಾರ ಇದೆ ಚಿಕ್ಕಪ್ಪ. 2014ರಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಅನ್ನುವ 17 ವರ್ಷದ ಹುಡುಗನಿಗೆ ಒಬ್ಬ ಪೊಲೀಸ್ 16 ಗುಂಡು ಹೊಡೆದ. ವಿಡಿಯೋ ಹೊರಗೆ ಬರಲು ಒಂದು ವರ್ಷದ ಮೇಲಾಯಿತು. ಆಮೇಲೆ ಕೇಂದ್ರದ ನ್ಯಾಯ ಇಲಾಖೆ ತನಿಖೆ ಮಾಡಿ, 2017ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ತರಬೇತಿ ಕಳಪೆ ಅಂತಲೇ ಬರೆದಿದೆ. ಮೇಯರ್ ಅದನ್ನೇ ತೋರಿಸಿದರು. ಆದರೆ ಅದೇ ವರದಿ ಬೇರೆಯದನ್ನೂ ಹೇಳಿತ್ತು. ತಪ್ಪು ಮಾಡಿದ ಪೊಲೀಸರ ಮೇಲೆ ಸರಿಯಾದ ತನಿಖೆ ಆಗುವುದಿಲ್ಲ, ಶಿಕ್ಷೆ ಆಗುವುದಿಲ್ಲ ಅಂತ. ಅದಕ್ಕೆ ಕಟ್ಟಡ ಉತ್ತರ ಅಲ್ಲ. ಬಾಗಿಲು ತಟ್ಟಿ ಬಂದ ಆ ಮಕ್ಕಳ ಪ್ರಶ್ನೆ ಭಾವನೆಯದ್ದಲ್ಲ, ಬಜೆಟ್‌ದೇ. ನಮ್ಮ ಓಣಿಯ ಶಾಲೆಗೆ ಇಲ್ಲದ ಹಣ ನಮ್ಮ ಓಣಿಯ ಪೊಲೀಸ್ ಕಟ್ಟಡಕ್ಕೆ ಎಲ್ಲಿಂದ ಬಂತು?

ಚಿಕ್ಕಪ್ಪ: ಪ್ರಶ್ನೆ ನ್ಯಾಯವಾದದ್ದೇ. ತರಬೇತಿ ಬೇಡ ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ.

ಅಶ್ವಿನಿ ಅಕ್ಕ: ನನಗೆ ಈ ಸಭೆಯ ವಿಷಯ ಚೆಕ್‌ಗಿಂತ ಜಾಸ್ತಿ ಹಿಡಿಸಿತು. ಚೆಕ್ ಕೊಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮೇಯರ್ ಕೂಡ. ಸಭೆಯಲ್ಲಿ ಎದ್ದು ಬೇಡ ಅಂದರೆ ಯಾರೂ ತಟ್ಟಲ್ಲ.

ದೊಡ್ಡಪ್ಪ: ನಾನು ಶಿವಮೊಗ್ಗದಲ್ಲಿ ಓದುವಾಗ, 70ರ ದಶಕದ ಕೊನೆಯಲ್ಲಿ, ದಲಿತ ಸಂಘರ್ಷ ಸಮಿತಿಯವರು ತಮಟೆ ಬಾರಿಸಿಕೊಂಡು ಹಾಡುತ್ತಿದ್ದರು. ಹಾಸ್ಟೆಲ್ ಹುಡುಗರೆಲ್ಲ ಹಿಂದೆ ಹೋಗುತ್ತಿದ್ದೆವು. ಹಾಡಿದವರೇ ಮಾರನೇ ದಿನ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಹಿಡಿದು ಕೂರುತ್ತಿದ್ದರು. ವಿನು, ಹಾಡು ಅಂದರೆ ಹಗುರ ಅಂತ ಈ ಮನೆಯಲ್ಲಿ ನಾನು ಯಾವತ್ತೂ ಹೇಳಿಲ್ಲ. ನಿನ್ನ ಚಾನ್ಸ್ ಎಲ್ಲಿ ಕಲಿತ ಹಾಡಲು?

ನಾನು: ದೊಡ್ಡಪ್ಪ, ನೀವು ಕೇಳಿದ್ದು ಒಳ್ಳೆಯದಾಯಿತು. ಗ್ರಂಥಾಲಯದಲ್ಲಿ ಕಲಿತ.

ದೊಡ್ಡಪ್ಪ: ಗ್ರಂಥಾಲಯದಲ್ಲಿ ಹಾಡು?

ನಾನು: ಹೌದು. ಊರ ಮಧ್ಯೆ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯ ಅಂತ ಇದೆ, ಕೆಂಪು ಕಟ್ಟಡ, ಮೇಲೆ ದೊಡ್ಡ ದೊಡ್ಡ ಗೂಬೆಗಳು. ಶಿಕಾಗೋದ ಮೊದಲ ಕಪ್ಪು ಮೇಯರ್ ಹೆಸರು ಅದಕ್ಕೆ. 2009ರಲ್ಲಿ ಅದರೊಳಗೆ ‘ಯೂಮೀಡಿಯಾ’ ಅಂತ ಹೈಸ್ಕೂಲ್ ಮಕ್ಕಳಿಗೆ ಒಂದು ಜಾಗ ಮಾಡಿದರು. ಮೈಕು, ಕೀಬೋರ್ಡು, ಕ್ಯಾಮೆರಾ, ರೆಕಾರ್ಡಿಂಗ್ ಕೋಣೆ, ಎಲ್ಲ ಪುಕ್ಕಟೆ. ನಾನು ಪುಸ್ತಕ ತರಲು ಹೋದಾಗ ಹೊರಗಿನಿಂದ ನೋಡಿದ್ದೇನೆ. ಶಾಲೆ ಬಿಟ್ಟ ಮೇಲೆ ಬರುತ್ತಾರೆ. ದಪ್ಪ ಕೋಟು ಬಿಚ್ಚಿ ಕುರ್ಚಿ ಮೇಲೆ ಎಸೆದು, ಇಬ್ಬರು ಒಂದೇ ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು, ಇನ್ನೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದು ಹಾಕಿ ಮತ್ತೆ ಬರೆಯುತ್ತಾ. ಯಾರೂ ಶ್ ಅನ್ನುವುದಿಲ್ಲ.

ನಾನು: ಅಲ್ಲಿ ಮೈಕ್ ಹಾಕಿನ್ಸ್ ಅಂತ ಒಬ್ಬ ಕವಿ ಇದ್ದರು, ಮಕ್ಕಳ ಬಾಯಲ್ಲಿ ‘ಬ್ರದರ್ ಮೈಕ್’. ವಾರಕ್ಕೊಮ್ಮೆ ಮಕ್ಕಳನ್ನು ಮೈಕಿನ ಮುಂದೆ ನಿಲ್ಲಿಸುತ್ತಿದ್ದರು. ಚಾನ್ಸ್ ಶಾಲೆಯಿಂದ 10 ದಿನ ಸಸ್ಪೆಂಡ್ ಆಗಿದ್ದಾಗ ಶುರು ಮಾಡಿದ ಹಾಡುಗಳೇ 2012ರಲ್ಲಿ ಅವನ ಮೊದಲ ಮಿಕ್ಸ್‌ಟೇಪ್ (ಹಾಡುಗಳ ಸಂಗ್ರಹ) ಆಗಿ ಬಂದವು, ಅದನ್ನೂ ಪುಕ್ಕಟೆ ಹಂಚಿದ. 2014ರಲ್ಲಿ ಬ್ರದರ್ ಮೈಕ್ ತೀರಿಕೊಂಡರು. ಮರುವರ್ಷದಿಂದ ಚಾನ್ಸ್ ಅದೇ ಗ್ರಂಥಾಲಯದಲ್ಲಿ ‘ಓಪನ್‌ಮೈಕ್’ ಅಂತ ಹೈಸ್ಕೂಲ್ ಮಕ್ಕಳಿಗಾಗಿ ನಡೆಸಿದ, ಗೆಳೆಯ ಮಾಲ್ಕಮ್ ಲಂಡನ್ ಜೊತೆ ಸೇರಿ.

ದೊಡ್ಡಪ್ಪ: ಮೇಷ್ಟ್ರ ಕೆಲಸ ಮುಂದುವರಿಸಿದ ಅನ್ನು. ವಿನು, ನೀನು ಇದನ್ನು ಬರೆಯಪ್ಪ. ಆ ಚೆಕ್ ಪಕ್ಕಕ್ಕಿಡು. ಸರ್ಕಾರ ನಡೆಸುವ ಗ್ರಂಥಾಲಯದಲ್ಲಿ ಒಂದು ಕೋಣೆ, ಮಕ್ಕಳನ್ನು ನಂಬುವ ಒಬ್ಬ ಮೇಷ್ಟ್ರು, ಅಲ್ಲಿಂದ ಬಂದ ಹುಡುಗ ಅಂತ ಬರೆ.

ಚಿಕ್ಕಪ್ಪ: ಅಣ್ಣನ ಮಾತು ನನ್ನ ಲೆಕ್ಕಕ್ಕೂ ಸರಿ ಹೊಂದುತ್ತದೆ. ಮೊದಲು ಹಣ ಹಾಕಿದ್ದು ಜನರ ತೆರಿಗೆ, ಗ್ರಂಥಾಲಯದ ರೂಪದಲ್ಲಿ.

ನಾನು: ದಾನಿಗಳ ಹಣವೂ ಅದರಲ್ಲಿತ್ತು ಚಿಕ್ಕಪ್ಪ, ಮ್ಯಾಕ್‌ಆರ್ಥರ್ ಪ್ರತಿಷ್ಠಾನದ್ದು. ಆದರೆ ಬಾಗಿಲು ತೆರೆದಿಟ್ಟಿದ್ದು ಸಾರ್ವಜನಿಕ ಗ್ರಂಥಾಲಯ. ಖಾಸಗಿ ಕ್ಲಾಸ್ ಆಗಿದ್ದರೆ ಅವನ ಜೊತೆಯ ಅರ್ಧ ಹುಡುಗರು ಒಳಗೆ ಬರುತ್ತಿರಲಿಲ್ಲ.

ವಿನು: ಸರಿ ದೊಡ್ಡ ಮಾವ, ಬರೆಯುತ್ತೇನೆ. 2018ರಲ್ಲಿ ಮಾನಸಿಕ ಆರೋಗ್ಯಕ್ಕೆ ಅವನು ಇನ್ನೂ 10 ಲಕ್ಷ ಕೊಟ್ಟಿದ್ದು, 2019ರಲ್ಲಿ ಶಿಕ್ಷಕರ ಮುಷ್ಕರ ನಡೆಯುವಾಗ ಟಿವಿ ಶೋನಲ್ಲಿ ಶಿಕ್ಷಕರ ಸಂಘದ ಸ್ವೆಟ್‌ಶರ್ಟ್ ಹಾಕಿಕೊಂಡು ನಿಂತಿದ್ದು ಕೂಡ ಸೇರಿಸುತ್ತೇನೆ.

ಅಶ್ವಿನಿ ಅಕ್ಕ: ಮುಷ್ಕರ ಯಾಕೆ ಆಯಿತು ಅಂತ ಒಂದು ಸಾಲು ಹಾಕು. ಶರ್ಟ್ ಬಗ್ಗೆ ಮಾತ್ರ ಬರೆದರೆ ಮತ್ತೆ ಅದೇ ಕಥೆ.

ನಾನು: ಪ್ರತಿ ಶಾಲೆಗೂ ನರ್ಸ್ ಬೇಕು, ಸಮಾಜ ಕಾರ್ಯಕರ್ತರು ಬೇಕು, ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಮಾಡಿ ಅಂತ. 11 ಶಾಲಾ ದಿನ ನಡೆಯಿತು. ಎಷ್ಟೋ ಶಾಲೆಯಲ್ಲಿ ನರ್ಸ್ ವಾರಕ್ಕೊಂದು ದಿನ ಬರುತ್ತಿದ್ದರು. ಬೇರೆ ದಿನ ಮಗುವಿಗೆ ಉಬ್ಬಸ ಬಂದರೆ ಕ್ಲರ್ಕ್ ನೋಡಿಕೊಳ್ಳಬೇಕು. ನರ್ಸ್ ವಿಷಯ ಒಪ್ಪಂದದಲ್ಲಿ ಬಂತು, ಹಂತ ಹಂತವಾಗಿ.

ಚಿಕ್ಕಪ್ಪ: ನನ್ನದು ಕೊನೆಯ ಪ್ರಶ್ನೆ. ಹೊರಗೆ ನಿಂತು ಕೇಳುವುದು ಸುಲಭ ಅಂತ ನಾನು ಹೇಳುವುದಿಲ್ಲ, ಆದರೆ ಒಳಗೆ ಕೂತು ಬಜೆಟ್‌ಗೆ ಕೈ ಎತ್ತುವುದು ಬೇರೆ ಕೆಲಸ. ಈ ರ‍್ಯಾಪ್ ಹಾಡುವವರು ಯಾರಾದರೂ ಅದಕ್ಕೆ ಇಳಿದಿದ್ದಾರಾ?

ನಾನು: ಇಳಿದಿದ್ದಾರೆ. ಚೇ ಸ್ಮಿತ್, ರೈಮ್‌ಫೆಸ್ಟ್ ಅನ್ನುವ ಹೆಸರಿನಲ್ಲಿ ಹಾಡುವವರು, ಶಿಕಾಗೋದವರೇ. 2011ರಲ್ಲಿ ನಗರ ಸಭೆಗೆ ನಿಂತು ಎರಡನೇ ಸುತ್ತಿನಲ್ಲಿ ಸೋತರು. 1995ರಿಂದ ಇಲ್ಲಿ ಶಾಲಾ ಮಂಡಳಿಯ ಸದಸ್ಯರನ್ನು ಮೇಯರ್ ನೇಮಿಸುತ್ತಿದ್ದರು. 50 ಶಾಲೆ ಮುಚ್ಚಿದ್ದು ಅಂಥದ್ದೇ ಮಂಡಳಿ. ಜನ ವರ್ಷಾನುಗಟ್ಟಲೆ ಕೇಳಿದ ಮೇಲೆ 2024ರ ನವೆಂಬರ್‌ನಲ್ಲಿ ಮೊದಲ ಸಲ ಚುನಾವಣೆ ಆಯಿತು. 21 ಜನರಲ್ಲಿ 10 ಜನ ಜನರಿಂದ ಆರಿಸಿ ಬಂದರು. ಅದರಲ್ಲಿ ರೈಮ್‌ಫೆಸ್ಟ್ ಒಬ್ಬರು.

ಚಿಕ್ಕಪ್ಪ: ಇವರ ಮೇಲೆ ನನಗೆ ಜಾಸ್ತಿ ಗೌರವ.

ಅಶ್ವಿನಿ ಅಕ್ಕ: ಗೆದ್ದ ಮೇಲೆ ಏನು ಮಾಡುತ್ತಾರೆ ನೋಡಿ ಆಮೇಲೆ ಗೌರವ ಕೊಡಿ ಚಿಕ್ಕಪ್ಪ. ಕುರ್ಚಿ ಸಿಕ್ಕಿದ ಮೇಲೆ ಎಷ್ಟು ಜನ ಹಾಗೇ ಇರುತ್ತಾರೆ?

ದೊಡ್ಡಪ್ಪ: ಆ ಮಂಡಳಿಯ ಸಭೆಯಲ್ಲಿ ಪೋಷಕರು ಮಾತಾಡಬಹುದೇ ಸ್ಮಿತಾ?

ನಾನು: ಮಾತಾಡಬಹುದು ದೊಡ್ಡಪ್ಪ. ಮೊದಲೇ ಹೆಸರು ಕೊಡಬೇಕು. ಸಭೆಯ ವಿಡಿಯೋ ಇಂಟರ್‌ನೆಟ್‌ನಲ್ಲಿ ಹಾಕುತ್ತಾರೆ.

ದೊಡ್ಡಪ್ಪ: ಒಂದು ಕಳಿಸು. ಪೋಷಕರು ಮಾತಾಡುವ ಭಾಗ. ಇಂಗ್ಲಿಷ್ ವೇಗ ಜಾಸ್ತಿ ಇದ್ದರೆ ಅಶ್ವಿನಿ ಪಕ್ಕದಲ್ಲಿ ಕೂತು ಹೇಳುತ್ತಾಳೆ.

ಅಶ್ವಿನಿ ಅಕ್ಕ: ಶನಿವಾರ ಬರುತ್ತೇನೆ ಅಪ್ಪ. ಪೂರ್ತಿ ನೋಡೋಣ, ಬಜೆಟ್ ಭಾಗವೂ ಸೇರಿ.

ಚಿಕ್ಕಪ್ಪ: ಬಜೆಟ್ ಭಾಗ ನನಗೂ ಕಳಿಸು.